ಮಿಸ್ಟರ್ ದ್ಯಾರಾಗೆ ಹೊದಿಸಿದ ಶಾಲು

ಮಿಸ್ಟರ್ ದ್ಯಾರಾ ಅವರನ್ನು "ಸಕಲ ಗೌರವಗಳೊಂದಿಗೆ ಬೀಳ್ಕೊಟ್ಟೆವು" ಎಂದು ಶ್ರೀಕಂಠ ಅಂಕಲ್ ಕಳೆದ ತಿಂಗಳು ಮೈಕಿನಲ್ಲಿ ಹೇಳಿದರು. ನ್ಯೂಯಾರ್ಕ್ ಹತ್ತಿರದ ಪಾರ್ಸಿಪನಿಯಲ್ಲಿ ಅಂಕಲ್ ಕಟ್ಟಿ ಬೆಳೆಸಿದ, ಕನ್ನಡಿಗರ ಮಕ್ಕಳ ಚರ್ಚಾಕೂಟದ ವಾರ್ಷಿಕೋತ್ಸವ ಅದು. ಸಭೆ ಚಪ್ಪಾಳೆ ತಟ್ಟಿತು. ಈ ವಾಕ್ಯವನ್ನು ಸ್ವಲ್ಪ ಬಿಚ್ಚಿ ನೋಡೋಣ. ಆ ಕೂಟ ನನಗೆ ಕಲಿಸಿದ್ದೇ ಅದನ್ನು. ಬೀಳ್ಕೊಡಬೇಕಾದರೆ, ಹೋಗುವವರಿಗೆ ತಾವು ಹೋಗುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಅವರಿಗೆ ಗೊತ್ತಿರಲಿಲ್ಲ. ಗೌರವ ಎನ್ನಬೇಕಾದರೆ ಅವರಿಗೆ ಅರ್ಥವಾಗುವ ಒಂದು ಮಾತನ್ನಾದರೂ ಆಡಿರಬೇಕು. ಆಡಲಿಲ್ಲ. ಉಳಿದದ್ದು "ಸಕಲ". ಅದನ್ನು ನಾನು ಒಪ್ಪುತ್ತೇನೆ. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಒಂದೂ ತಪ್ಪಿರಲಿಲ್ಲ.

ಕಾರಿಳಿದು ಆ ಹಾಲ್‌ ಕಡೆ ನಡೆಯುವಾಗಲೇ ನನಗೆ ಸಿಟ್ಟು ಶುರುವಾಗಿತ್ತು. ಹಿಂದಿನ ದಿನ ಹಿಮ ಬಿದ್ದಿತ್ತು. ದಾರಿಯುದ್ದಕ್ಕೂ ಎರಚಿದ್ದ ಉಪ್ಪು ಬೂಟಿನಡಿ ಕರಕರ ಎನ್ನುತ್ತಿತ್ತು. ಒಳಗೆ ಅದೇ ಒದ್ದೆ ಕೋಟುಗಳ ವಾಸನೆ, ಅದೇ ಕಾಫಿ. ನಾನು ಹನ್ನೊಂದನೇ ಗ್ರೇಡಿನಲ್ಲಿದ್ದ ಚಳಿಗಾಲ ಅಲ್ಲೇ ಕೋಟು ನೇತುಹಾಕಿಕೊಂಡು ಕೂತಿದ್ದಂತೆ ಇತ್ತು.

ಮಿಸ್ಟರ್ ದ್ಯಾರಾ ಮಾಲಿ ದೇಶದವರು, ನೈಜರ್ ನದಿಯ ದಂಡೆಯ ಒಂದು ಊರಿನವರು. ಓದಲು ನ್ಯೂಯಾರ್ಕಿಗೆ ಬಂದು, ನ್ಯೂವಾರ್ಕಿನ ಸರ್ಕಾರಿ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರು. ಶನಿವಾರ ನಮಗೆ ಡಿಬೇಟ್ ಕೋಚ್. ಪಾರ್ಸಿಪನಿಯಲ್ಲಿ ನಮಗಿಂತ ದೊಡ್ಡವರಾದವರೆಲ್ಲ ಅಂಕಲ್‌ಗಳು, ಆಂಟಿಗಳು. ಮನೆಯ ಹೀಟರ್ ರಿಪೇರಿಗೆ ಬಂದ ಗುಜರಾತಿಯೂ ಅಂಕಲ್, ಒಂದೇ ಸಲ ಲಿಫ್ಟ್ ಕೊಟ್ಟ ತೆಲುಗಿನವರೂ ಅಂಕಲ್. ವಾರ ವಾರ ನಮ್ಮ ಜೊತೆ ಗಂಟಲು ಹರಿದುಕೊಂಡ ಮಿಸ್ಟರ್ ದ್ಯಾರಾ ಮಾತ್ರ ಯಾರಿಗೂ ಅಂಕಲ್ ಆಗಲಿಲ್ಲ. ಮಕ್ಕಳಿಗೆ "ಮಿಸ್ಟರ್ ಡಿ", ಅಪ್ಪ ಅಮ್ಮಂದಿರಿಗೆ "ಆ ಸರ್". ಆ "ಆ"ಕಾರದ ದೂರ ನನಗೆ ಆಗ ಕೇಳಿಸಿರಲಿಲ್ಲ. ಈಗ ಬೇರೇನೂ ಕೇಳಿಸುವುದಿಲ್ಲ.

ಆ ಚಳಿಗಾಲದಲ್ಲಿ ಅವರು ನಮಗೆ ಕೊಟ್ಟ ವಿಷಯ ಹಳೆಯ ಪಶ್ಚಿಮ ಆಫ್ರಿಕಾದ ರಾಜ್ಯಗಳ ವ್ಯಾಪಾರ. ಘಾನಾ, ಮಾಲಿ, ಸೊಂಘಾಯ್. ಅವನ್ನು ಶ್ರೀಮಂತಗೊಳಿಸಿದ್ದು ನೆಲವೋ ಜನವೋ? ಎರಡೂ ಕಡೆ ವಾದಿಸಬೇಕು. ನನ್ನ ಜೋಡಿ ರೋಹನ್ ಮೊದಲ ದಿನವೇ ಯೂಟ್ಯೂಬ್ ನೋಡಿಕೊಂಡು ಬಂದಿದ್ದ.

"ಮಿಸ್ಟರ್ ಡಿ, ಮಾಲಿಯ ರಾಜ ವಾಸ್ ದ ರಿಚೆಸ್ಟ್ ಮ್ಯಾನ್ ಎವರ್!"

"ಹೌದಾ? ಅವನ ದುಡ್ಡು ಎಣಿಸಿದ್ದು ಯಾರು?" ಎಂದರು. (ಅವರ ಮಾತು, ನಮ್ಮ ಚರ್ಚೆ ಎಲ್ಲ ಇಂಗ್ಲಿಷಿನಲ್ಲಿ, ಕನ್ನಡ ನನ್ನದು.)

"ಎವ್ರಿಬಡಿ ಸೇಸ್..."

"ಎವ್ರಿಬಡಿ ಬಂದು ಸಾಕ್ಷಿ ಹೇಳೋದಾದ್ರೆ ಕರಿ. ಇಲ್ಲದಿದ್ರೆ ಕೂತ್ಕೋ."

ಆಮೇಲೆ ಹೊರಗೆ ಹೋಗಿ, ಮೆಟ್ಟಿಲಿಗೆ ಎರಚಲು ಬಾಗಿಲಲ್ಲಿ ಇಟ್ಟಿದ್ದ ಉಪ್ಪಿನ ಮೂಟೆಯನ್ನು ಹೊತ್ತು ತಂದು ಟೇಬಲ್ ಮೇಲೆ ದೊಪ್ಪೆಂದು ಹಾಕಿದರು. ಇದರ ಬೆಲೆ ಎಷ್ಟು ಎಂದು ಕೇಳಿದರು. ಯಾರೋ ಏನೋ ಒಂದು ಹೇಳಿದರು. "ಇವತ್ತು ಹಿಮ ಇದೆ, ಸರಿ. ಜುಲೈನಲ್ಲಿ? ಜುಲೈನಲ್ಲಿ ಇದನ್ನ ನಿಮ್ಮ ಮನೆ ಬಾಗಿಲಿಗೆ ತಂದು ಬಿಟ್ಟಿ ಕೊಟ್ರೂ ನಿಮ್ಮಮ್ಮ ಬೈತಾರೆ. ಉಪ್ಪು ಅದೇ, ಬದಲಾಗಿದ್ದು ಏನು?" ಸಹಾರದ ನಡುವೆ ಉಪ್ಪನ್ನು ಕಲ್ಲಿನ ಹಾಗೆ ಕಡಿದು ತೆಗೆಯುತ್ತಿದ್ದರಂತೆ. ಅಲ್ಲಿ ಅದು ನೆಲ. ದಕ್ಷಿಣದ ಕಾಡಿನ ಅಂಚಿಗೆ ಬಂದರೆ ಅದು ಚಿನ್ನದ ಎದುರು ತೂಗುವ ವಸ್ತು.

ಹಾಲ್ ಈ ತುದಿಯಿಂದ ಆ ತುದಿಗೆ ಆ ಮೂಟೆ ಸಾಗಿಸಬೇಕು ಎಂದರು. ನೆಲದ ಮೇಲೆ ಅಲ್ಲಲ್ಲಿ ಟೇಪು ಅಂಟಿಸಿದರು. ಮೊದಲ ಟೇಪಿನ ತನಕ ಒಂಟೆ, ಅಂದರೆ ಕುರ್ಚಿ ಸಾಗಿಸುವ ತಳ್ಳುಗಾಡಿ. ಅಲ್ಲಿಂದ ಮುಂದೆ ಒಂಟೆ ಬರುವಂತಿಲ್ಲ. ಅಲ್ಲಿನ ನೊಣ ಕಚ್ಚಿದರೆ ಸಾಯುತ್ತದೆ. ಮುಂದೆ ಕತ್ತೆಗಳು, ಅಂದರೆ ರೋಹನ್ ಮತ್ತು ನಾನು. ಆಮೇಲೆ ದೋಣಿ. ಕೊನೆಗೆ ತಲೆಹೊರೆ. ಪ್ರತಿ ಟೇಪಿನ ಹತ್ತಿರ ಒಬ್ಬ ನಿಂತಿರುತ್ತಾನೆ. ಹೊರೆ ಬದಲಾಯಿಸುವ ಕೆಲಸಕ್ಕೆ ತನ್ನ ಪಾಲು ತೆಗೆದುಕೊಳ್ಳುತ್ತಾನೆ. ರಾಜನಿದ್ದರೆ ಒಳಗೆ ಬರುವ ಕತ್ತೆಹೊರೆಗೆ ಒಂದು ನಾಣ್ಯ ಸುಂಕ, ಹೊರಗೆ ಹೋಗುವುದಕ್ಕೆ ಎರಡು. ಆ ತುದಿ ಮುಟ್ಟುವಷ್ಟರಲ್ಲಿ ಮೂಟೆ ನಮ್ಮ ಬೊಗಸೆಗೆ ಬಂದಿತ್ತು. ನೆಲದ ತುಂಬ ಉಪ್ಪು.

"ಈಗ ಹೇಳಿ, ಶ್ರೀಮಂತ ಆದದ್ದು ಯಾರು? ಉಪ್ಪು ಕಡಿದವನಾ? ಚಿನ್ನ ತೊಳೆದವನಾ?"

"ನಡುವೆ ನಿಂತೋನು," ಎಂದೆ.

"ಸಂಜನಾ, ಇವತ್ತು ನೀನು ನೆಲ ಗುಡಿಸಬೇಕಾಗಿಲ್ಲ," ಎಂದರು. ಅದಕ್ಕಿಂತ ದೊಡ್ಡ ಬಹುಮಾನ ಅವರ ಹತ್ತಿರ ಇರಲಿಲ್ಲ.

ಇನ್ನೊಂದು ಶನಿವಾರ ಮೂಕ ವ್ಯಾಪಾರದ ಕಥೆ ಹೇಳಿದರು. ಉಪ್ಪಿನವರು ನದಿಯ ದಂಡೆಯಲ್ಲಿ ಉಪ್ಪಿನ ರಾಶಿ ಹಾಕಿ, ಡೋಲು ಬಾರಿಸಿ ಮರೆಯಾಗುತ್ತಾರೆ. ಚಿನ್ನದವರು ಬಂದು ಪಕ್ಕದಲ್ಲಿ ಚಿನ್ನ ಇಟ್ಟು ತಾವೂ ಮರೆಯಾಗುತ್ತಾರೆ. ಇವರು ಬಂದು ನೋಡಿ, ಸಾಲದು ಅನ್ನಿಸಿದರೆ ಮುಟ್ಟದೆ ಹೋಗುತ್ತಾರೆ. ಎರಡೂ ಕಡೆಯವರಿಗೆ ಒಪ್ಪಿಗೆಯಾಗುವ ತನಕ ಹೀಗೆಯೇ. ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ನಮಗೆಲ್ಲ ಖುಷಿಯೋ ಖುಷಿ. ಅವರು ಖುಷಿ ಮುಗಿಯುವವರೆಗೆ ಕಾದು ಕೇಳಿದರು: "ಇದನ್ನ ಕಣ್ಣಾರೆ ಕಂಡವರು ಯಾರು?" ಬರೆದವರೆಲ್ಲ ಯಾರೋ ಹೇಳಿದ್ದನ್ನು ಕೇಳಿ ಬರೆದವರು, ನೂರಾರು ವರ್ಷ ಒಬ್ಬರ ಹಿಂದೆ ಒಬ್ಬರು. "ಕೊಳ್ಳೋನು ಮಾರೋನನ್ನ ಭೇಟಿ ಆಗಬಾರದು ಅಂತ ಯಾರಿಗಿರುತ್ತೆ? ಆ ಕಥೆಯಿಂದ ಲಾಭ ಯಾರಿಗೆ?" ಉತ್ತರ ನಮಗೆ ಗೊತ್ತಿತ್ತು: ನಡುವೆ ನಿಂತವನಿಗೆ. ಆಗಲೇ ಅದರ ಮೇಲೆ ಉಪ್ಪು ಚೆಲ್ಲಿದ್ದೆವು.

ಇನ್ನು ಶ್ರೀಕಂಠ ಅಂಕಲ್. ಮೈಸೂರಿನವರು, ಹೈವೇ ಪಕ್ಕದ ಆಫೀಸ್ ಪಾರ್ಕಿನಲ್ಲಿ ಸ್ವಂತ ಕನ್ಸಲ್ಟಿಂಗ್ ಕಂಪನಿ. ದನಿ ಎತ್ತಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಅಷ್ಟು ಒಳ್ಳೆಯವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎಂದು ಜಗಳವಾಡಿ ನೋಡಿದವರಿಗೇ ಗೊತ್ತು. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಪೋಷಕರ ಮುಂದೆ ಮಕ್ಕಳ ಚರ್ಚೆ ಇಡಬೇಕಿತ್ತು. "ಆಫ್ರಿಕಾ ಈಸ್ ಆಲ್ ವೆರಿ ನೈಸ್ ಸರ್. ಬಟ್ ಪೇರೆಂಟ್ಸ್ ವಿಲ್ ಎಂಜಾಯ್ ವಿಜಯನಗರ," ಎಂದರು. ಮಿಸ್ಟರ್ ದ್ಯಾರಾ ಬೇಸರಿಸಲಿಲ್ಲ. ಒಂದು ವಾರದಲ್ಲಿ ಹಂಪಿಯ ಬಗ್ಗೆ ನಮಗಿಂತ ಹೆಚ್ಚು ಓದಿಕೊಂಡು ಬಂದು, ಬಾಗಿಲಲ್ಲೇ ಕೂಗಿದರು: "ಕುದುರೆ! ನಿಮ್ಮ ರಾಜರೂ ಕುದುರೆ ಹೊರಗಿಂದ ತರಿಸ್ತಿದ್ರು! ಮಾಲಿಯವರೂ ತರಿಸ್ತಿದ್ರು! ಇಬ್ಬರ ನೆಲವೂ ಆ ಪ್ರಾಣಿಗೆ ಒಗ್ಗಲ್ಲ, ಇಬ್ಬರಿಗೂ ಅದಿಲ್ಲದೆ ಯುದ್ಧ ಇಲ್ಲ!" ಸಮುದ್ರದ ಆಚೆ ಈಚೆಯ ಎರಡು ರಾಜ್ಯಗಳು ಒಂದೇ ಸಂಕಟದಲ್ಲಿದ್ದವು ಎಂಬುದಕ್ಕೆ ಮನುಷ್ಯ ಅಷ್ಟು ಸಂತೋಷಪಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಸಂಕ್ರಾಂತಿಯ ದಿನ ಹಾಲ್ ತುಂಬಿತ್ತು. ಬಾಗಿಲಲ್ಲಿ ಎಳ್ಳು ಬೆಲ್ಲದ ಪೊಟ್ಟಣ. ರೋಹನ್ ವೇದಿಕೆ ಮೇಲೆ, ಹಂಪಿಯ ಬೀದಿಯಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು, ಅದು ನಮ್ಮ ಸಂಪತ್ತು ಎಂದ. ಜೋರು ಚಪ್ಪಾಳೆ. ನನ್ನ ಸರದಿ ಮರುಪ್ರಶ್ನೆಯದು. ಆ ರತ್ನಗಳನ್ನು ಅಗೆದವರು ಯಾರು ಎಂದು ಕೇಳಿದೆ. ಗೊತ್ತಿಲ್ಲ ಎಂದ. ಯಾವ ಊರು? ಗೊತ್ತಿಲ್ಲ. ಯಾವ ಜಾತಿ? ರೋಹನ್ ಅವನಮ್ಮನ ಕಡೆ ನೋಡಿದ. ನಾನು ಸಭೆಯ ಕಡೆ ತಿರುಗಿದೆ: "ನಮ್ಮ ಸಂಪತ್ತು ಅಂತ ಚಪ್ಪಾಳೆ ಹೊಡೀತಿದ್ದೀವಲ್ಲ, ಅಗೆದೋರ ಮನೆಯವರು ಒಬ್ರಾದ್ರೂ ಈ ಹಾಲ್‌ನಲ್ಲಿ ಇದ್ದಾರಾ?"

ಊಟ ರೆಡಿ ಇದೆ ಎಂದು ಯಾರೋ ಮೈಕಿನಲ್ಲಿ ಹೇಳಿದರು. ಅಷ್ಟೇ.

ಆ ಪ್ರಶ್ನೆ ಮಿಸ್ಟರ್ ದ್ಯಾರಾ ಬರೆದುಕೊಟ್ಟದ್ದಲ್ಲ. ಅವರು ಅದನ್ನು ಕೇಳಿದ್ದೂ ಆಗಲೇ. ಕೆಳಗಿಳಿದ ಕೂಡಲೇ ನನಗೆ ಬೈದರು. "ಸಭೆ ನಿನ್ನ ಎದುರಾಳಿ ಅಲ್ಲ. ಅವರ ಹತ್ರ ಮೈಕ್ ಇಲ್ಲ. ಉತ್ತರ ಕೊಡೋಕಾಗದೋರನ್ನ ಪ್ರಶ್ನೆ ಕೇಳೋದು ವಾದ ಅಲ್ಲ, ದೌರ್ಜನ್ಯ. ಪಾಯಿಂಟ್ ಕಟ್." ಅಂದರೆ ಆ ಹಾಲ್‌ನಲ್ಲಿ ಪೋಷಕರ ಪರ ಮಾತಾಡಿದ ಒಬ್ಬನೇ ಮನುಷ್ಯ ಅವರು. ಅದೇ ಹೊತ್ತಿಗೆ ಊಟದ ಸಾಲಿನಲ್ಲಿ ಆಂಟಿಯೊಬ್ಬರು ನನಗೆ ಕೇಳಿಸುವಂತೆಯೇ ಹೇಳುತ್ತಿದ್ದರು: "ಮಗೂಗೇನ್ ಗೊತ್ತು ಪಾಪ. ಎಲ್ಲಾ ಆ ಸರ್ ತುಂಬ್ತಿರೋದು."

ನನಗೆ ಆಗಿನಿಂದ ಆರದ ಸಿಟ್ಟು ಇದು. ನನ್ನ ತಲೆಯಲ್ಲಿ ಹುಟ್ಟಿದ್ದನ್ನು ಹೊರಗಿನಿಂದ ಬಂದ ಸರಕು ಎಂದರು. ಗಟ್ಟಿಯಾಗಿ ಓದಿ ಬಹುಮಾನ ತಂದರೆ ಅದು ನಮ್ಮ ಸಂಸ್ಕಾರ. ಜಾತಿ ಕೇಳಿದರೆ ಅದು ಆಫ್ರಿಕಾದಿಂದ ಬಂದದ್ದು. ಜಾತಿಯನ್ನು, ಸ್ವಾಮಿ, ಆಫ್ರಿಕಾದಿಂದ?

ಅದಾದ ಮೇಲೆ ಯಾರೂ ಏನೂ ಹೇಳಲಿಲ್ಲ. ಶನಿವಾರದಿಂದ ಶನಿವಾರಕ್ಕೆ ಕುರ್ಚಿಗಳು ಖಾಲಿಯಾಗುತ್ತ ಬಂದವು. ಒಬ್ಬಳಿಗೆ ಭರತನಾಟ್ಯ, ಒಬ್ಬನಿಗೆ ಎಸ್‌ಎಟಿ ಪರೀಕ್ಷೆ, ಒಬ್ಬನಿಗೆ ದಿಢೀರನೆ ಈಜು. ಏಪ್ರಿಲ್‌ನಲ್ಲಿ ನಮಗೆ ಮೊದಲ ದೊಡ್ಡ ಟೂರ್ನಮೆಂಟ್ ಇತ್ತು. ಅದಕ್ಕಾಗಿ ಅವರು ಚಳಿಗಾಲ ಪೂರ್ತಿ ನಮ್ಮನ್ನು ಅರೆದಿದ್ದರು. "ಎಲ್ಲಿ ಹೋದ್ರು ಎಲ್ಲರೂ?" ಎಂದು ನನ್ನನ್ನು ಕೇಳಿದರು. "ವಿಂಟರ್ ಅಲ್ವಾ," ಎಂದೆ. ನಿಜಕ್ಕೂ ನನಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅಪ್ಪನನ್ನು ಕೇಳಿದೆ. ಅಪ್ಪ ಹುಬ್ಬಳ್ಳಿಯವರು, ಊರಿನ ಮಾತನ್ನು ಹಡ್ಸನ್ ನದಿಯೂ ತೊಳೆದಿಲ್ಲ.

"ಏನ್ ನಡದದ ಅಪ್ಪಾ? ಮಿಸ್ಟರ್ ಡಿ ಬಗ್ಗೆ ಏನರೆ ಮೀಟಿಂಗ್ ಆತೇನು?"

"ದೊಡ್ಡೋರು ಏನೋ ಮಾತಾಡ್ಯಾರ. ನಿನಗ್ಯಾಕ ಬೇಕವಾ ಅದು?"

"ಪ್ರಶ್ನೆ ಕೇಳಿದಾಕಿ ನಾನು. ನನ್ನ ಕರದು ಕೇಳಬೇಕಿತ್ತಿಲ್ಲೋ?"

"ನೀ ಎಲ್ಲಾದಕ್ಕೂ ವಾದಾ ಮಾಡ್ತಿ. ಊಟಾ ಮಾಡು ಮೊದಲ."

ಊಟದಿಂದ ಮುಚ್ಚಿಸಲಾಗದ ಬಾಯಿ ನಮ್ಮ ಸಮುದಾಯದಲ್ಲಿ ಇನ್ನೂ ಹುಟ್ಟಬೇಕು ಎಂದು ಅವರೆಲ್ಲ ನಂಬಿದ್ದಾರೆ.

ಯುಗಾದಿ ಬಂತು. ಪಾರ್ಕಿಂಗ್ ಲಾಟಿನ ಮೂಲೆಗಳಲ್ಲಿ ಕೊಳೆಯಾದ ಹಿಮದ ಗುಡ್ಡೆಗಳು ಇನ್ನೂ ಕರಗಿರಲಿಲ್ಲ. ಕಾರ್ಯಕ್ರಮದಲ್ಲಿ ಮಿಸ್ಟರ್ ದ್ಯಾರಾಗೆ ಸನ್ಮಾನ ಇದೆ, ತಟ್ಟೆ ನೀನು ಹಿಡಿ ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ರೇಷ್ಮೆ ಲಂಗ ಹಾಕಿಕೊಳ್ಳಲು ಅಮ್ಮನ ಜೊತೆ ಅವತ್ತು ಜಗಳವನ್ನೇ ಆಡಲಿಲ್ಲ. ಜಾಣರು, ಎಲ್ಲ ಮರೆತರು ಎಂದುಕೊಂಡೆ. ಅವರಿಗೆ ಪೇಟ ತೊಡಿಸಿದರು. ಸ್ವಲ್ಪ ಚಿಕ್ಕದಾಯಿತು, ಹಣೆಯ ಮೇಲೆ ಕೂತಿತು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೈಗಿಟ್ಟರು. ಶ್ರೀಕಂಠ ಅಂಕಲ್ ಮೈಕ್ ಹಿಡಿದು, ಅಚ್ಚ ಕನ್ನಡದಲ್ಲಿ, ಒಂದೇ ಒಂದು ಇಂಗ್ಲಿಷ್ ಪದ ಬೆರೆಸದೆ ಮಾತಾಡಿದರು. ದಿನವಿಡೀ "ಕ್ಲೈಂಟ್ ಜೊತೆ ಅಲೈನ್ ಆಗ್ಬೇಕು" ಎನ್ನುವ ಮನುಷ್ಯ!

"ನಮ್ಮ ಮಕ್ಕಳಿಗೆ ಇಷ್ಟು ದಿನ ಮಾರ್ಗದರ್ಶನ ನೀಡಿದ ಗುರುಗಳನ್ನು ಇಂದು ತುಂಬು ಹೃದಯದಿಂದ ಬೀಳ್ಕೊಡುತ್ತಿದ್ದೇವೆ. ಅವರ ಮುಂದಿನ ಹಾದಿ ಸುಗಮವಾಗಲಿ. ಮುಂದಿನ ವಾರದಿಂದ ತರಬೇತಿಯ ಹೊಣೆಯನ್ನು ನಮ್ಮವರೇ ಆದ ಯುವಕರೊಬ್ಬರು ವಹಿಸಿಕೊಳ್ಳಲಿದ್ದಾರೆ."

ತಟ್ಟೆ ನನ್ನ ಕೈಯಲ್ಲಿತ್ತು. ಮಿಸ್ಟರ್ ದ್ಯಾರಾ ನಗುತ್ತ ತಲೆ ಆಡಿಸುತ್ತಿದ್ದರು. ಎರಡು ಮಾತಾಡಿ ಎಂದು ಅವರ ಕೈಗೆ ಮೈಕ್ ಕೊಟ್ಟರು. ಕೊಟ್ಟರಲ್ಲ, ಅದನ್ನು ನಾನು ಕ್ಷಮಿಸಲಾರೆ.

"ನೀವೆಲ್ಲ ಏನಂದ್ರಿ ಅಂತ ನನಗೆ ಗೊತ್ತಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಆದ್ರೆ ಪ್ರೀತಿಯಿಂದ ಅಂದ್ರಿ ಅಂತ ಗೊತ್ತು. ಥ್ಯಾಂಕ್ ಯೂ. ಮತ್ತೆ, ನನ್ನ ಟೀಮ್! ಶನಿವಾರ ಬೇಗ ಬನ್ನಿ. ಟೂರ್ನಮೆಂಟಿಗೆ ನಿಮ್ಮ ವಾದ ಇನ್ನೂ ಹಸಿ ಹಸಿ ಇದೆ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಾರೋ ಚಪ್ಪಾಳೆ ಶುರು ಮಾಡಿದರು. ಎಲ್ಲರೂ ಸೇರಿಕೊಂಡು ಆ ಶನಿವಾರವನ್ನು ಚಪ್ಪಾಳೆಯಲ್ಲಿ ಮುಳುಗಿಸಿದರು.

ವೇದಿಕೆಯ ಪಕ್ಕದಲ್ಲಿ ಶ್ರೀಕಂಠ ಅಂಕಲ್ ತೋಳು ಹಿಡಿದು ಕೇಳಿದೆ. "ಅಂಕಲ್, ಅವರಿಗೆ ಗೊತ್ತೇ ಇಲ್ಲ."

"ಗೊತ್ತಾಗುತ್ತೆ ಪುಟ್ಟಾ. ಸನ್ಮಾನ ಮಾಡಿದ್ಮೇಲೆ ಯಾರಿಗಾದ್ರೂ ಅರ್ಥ ಆಗಲ್ವಾ?"

ಆಣೆ ಮಾಡಿ ಹೇಳುತ್ತೇನೆ, ಅವರು ನಾಟಕ ಆಡುತ್ತಿರಲಿಲ್ಲ. ನಮ್ಮ ಸಂಘಗಳಲ್ಲಿ ಹೀಗೆಯೇ. ಅಧ್ಯಕ್ಷರನ್ನು ಇಳಿಸಬೇಕಾದರೆ ಶಾಲು ಹೊದಿಸುತ್ತಾರೆ. ನಾಟಕದ ಮೇಷ್ಟರು ಸಾಕಾದರೆ ಅವರ ಸೇವೆಯನ್ನು ಸ್ಮರಿಸುತ್ತಾರೆ. ಶಾಲು ಬಿದ್ದವರು ಮಾರನೆಯ ದಿನ ಕೀಲಿಕೈ ತಂದು ಕೊಡುತ್ತಾರೆ. ಕೆಟ್ಟ ಮಾತು ಯಾರ ಬಾಯಿಂದಲೂ ಬರುವುದಿಲ್ಲ; ಎಲ್ಲರೂ ಸಭ್ಯರಾಗಿ ಉಳಿಯುತ್ತಾರೆ. ಈ ಏರ್ಪಾಡು ತಿಳಿಯದ ಮನುಷ್ಯನೊಬ್ಬ ಭೂಮಿಯ ಮೇಲೆ ಇರಬಹುದು ಎಂದು ಅವರಿಗೆ ಹೊಳೆದಿರಲೇ ಇಲ್ಲ.

ನಾನು ಲಂಗ ಎತ್ತಿ ಹಿಡಿದು ಪಾರ್ಕಿಂಗ್ ಲಾಟಿಗೆ ಓಡಿದೆ. ಮಿಸ್ಟರ್ ದ್ಯಾರಾ ಹಣ್ಣಿನ ಬುಟ್ಟಿಯನ್ನು ಮುಂದಿನ ಸೀಟಿನಲ್ಲಿಟ್ಟು ಅದಕ್ಕೆ ಸೀಟ್ ಬೆಲ್ಟ್ ಹಾಕುತ್ತಿದ್ದರು. ಪೇಟ ಇನ್ನೂ ತಲೆಯ ಮೇಲಿತ್ತು.

"ಮಿಸ್ಟರ್ ಡಿ, ಶನಿವಾರ ಬರಬೇಡಿ."

"ಯಾಕೆ, ಹಿಮ ಬೀಳುತ್ತಾ?"

ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. "ಅವರು ಹೇಳಿದ್ದನ್ನ ಇದ್ದ ಹಾಗೇ ಹೇಳು. ನಿನ್ನ ಅಭಿಪ್ರಾಯ ಬೇಡ," ಎಂದರು. ನಾನು ಒಂದೊಂದೇ ವಾಕ್ಯ ಅನುವಾದ ಮಾಡಿದೆ. "ತುಂಬು ಹೃದಯ"ಕ್ಕೆ ಏನು ಹೇಳುವುದೆಂದು ತಿಳಿಯದೆ ಅತ್ತೆ. ಈ ಬರಹವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ. ಆ ದಿನ ಬೆನ್ನ ಹಿಂದೆ ಬಳಸಿದ ಭಾಷೆ ಇದು. ಇದೇ ಭಾಷೆಯಲ್ಲಿ, ಆ ಹಾಲ್‌ನಲ್ಲಿದ್ದವರಿಗೆಲ್ಲ ಅರ್ಥವಾಗುವ ಹಾಗೆ, ಲೆಕ್ಕ ತೀರಬೇಕು.

"ಕಾರಣ ಹೇಳಿದ್ರಾ?" ಎಂದು ಕೇಳಿದರು.

"ಇಲ್ಲ."

"ಹೇಳಬೇಕಿತ್ತು," ಎಂದರು. "ನನಗೆ ಇಂಗ್ಲಿಷ್ ಬರುತ್ತೆ. ಅವರಿಗೂ ಬರುತ್ತೆ." ಆಮೇಲೆ ಪೇಟ ತೆಗೆದು ಹಿಂದಿನ ಸೀಟಿನಲ್ಲಿ ಜೋಪಾನವಾಗಿಟ್ಟರು. ಹಣ್ಣು ವಾಪಸ್ ಕೊಡಿ ಎಂದೆ. "ಹಣ್ಣು ಏನು ತಪ್ಪು ಮಾಡಿದೆ? ನನ್ನ ಮಗಳಿಗೆ ಅನಾನಸ್ ಇಷ್ಟ," ಎಂದು ಕಾರು ಹತ್ತಿದರು.

ಆಮೇಲೆ ಏನಾಯಿತು ಎಂಬುದು ಚಿಕ್ಕದು. ಪೋಷಕರಿಗೆ, ಆ ಸರ್‌ಗೆ ಬೇರೆ ಕೆಲಸ ಸಿಕ್ಕಿತಂತೆ ಎಂಬ ಸುದ್ದಿ ಹೋಯಿತು. ಮಕ್ಕಳಿಗೆ, ಅವರು ತುಂಬಾ ಬಿಜಿಯಂತೆ ಎಂದು. ಅವರಿಗೆ ಏನೂ ಇಲ್ಲ. ಯಾರೂ ಯಾರ ಮುಖವನ್ನೂ ನೋಡಿ ಕೇಳಲಿಲ್ಲ. ಮೂರೂ ಕಡೆಯ ಮಾತು ಶ್ರೀಕಂಠ ಅಂಕಲ್ ಕೈಯಲ್ಲಿ ಬದಲಾಗಿ ಹೋಗುತ್ತಿತ್ತು. ಹೊಸ ಕೋಚ್ ಅವರ ಅಣ್ಣನ ಮಗ, ಆಗಷ್ಟೇ ಕೆಲಸಕ್ಕೆಂದು ಹೋಬೋಕನ್ನಿಗೆ ಬಂದವನು. ಚೆನ್ನಾಗಿಯೇ ಮಾತಾಡುತ್ತಿದ್ದ. ನಾನು ಕೂಟ ಬಿಟ್ಟೆ. ರೋಹನ್ ಬೇರೆ ಜೋಡಿಯೊಂದಿಗೆ ಟೂರ್ನಮೆಂಟಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದ. ಮಿಸ್ಟರ್ ದ್ಯಾರಾ ತಮ್ಮ ಶಾಲೆಯಲ್ಲೇ ಒಂದು ತಂಡ ಕಟ್ಟಿದರು. ಈಗ ನಾನು ಜರ್ಸಿ ಸಿಟಿಯಲ್ಲಿ ಕೆಲಸ ಮಾಡುತ್ತೇನೆ. ಅವರ ತಂಡದ ಮಕ್ಕಳ ಸ್ಪರ್ಧೆಗಳಿಗೆ ಆಗಾಗ ತೀರ್ಪುಗಾರ್ತಿಯಾಗಿ ಹೋಗುತ್ತೇನೆ. ನಮ್ಮ ಕೂಟದ ಸುದ್ದಿ ಅವರು ಎತ್ತುವುದಿಲ್ಲ. ಒಮ್ಮೆ ಮಾತ್ರ ಕೇಳಿದರು: "ನಾನು ಏನು ತಪ್ಪಾಗಿ ಕಲಿಸಿದೆ ಅಂತ ನಿನಗೆ ಯಾವತ್ತಾದ್ರೂ ಗೊತ್ತಾಯ್ತಾ?" ಇಷ್ಟು ವರ್ಷ ಅವರು ತಮ್ಮ ಪಾಠದಲ್ಲಿ ತಪ್ಪು ಹುಡುಕುತ್ತಿದ್ದರು. ಅಲ್ಲಿಯವರೆಗೆ ನನಗೆ ಬರೀ ಸಿಟ್ಟಿತ್ತು. ಅವತ್ತಿನಿಂದ ಅದಕ್ಕೆ ಕೆಲಸವೂ ಸಿಕ್ಕಿತು.

ವಾರ್ಷಿಕೋತ್ಸವಕ್ಕೆ ಹಳೆಯ ವಿದ್ಯಾರ್ಥಿನಿ ಎಂದು ಕರೆದರು, ಹೋದೆ. ಚಪ್ಪಾಳೆ ಮುಗಿದ ಮೇಲೆ, ಕಾಫಿ ಟೇಬಲ್ ಹತ್ತಿರ ಶ್ರೀಕಂಠ ಅಂಕಲ್ ಎದುರು ನಿಂತೆ. ಕೂದಲು ಪೂರ್ತಿ ಬೆಳ್ಳಗಾಗಿದೆ. "ಸಂಜನಾ! ಎಷ್ಟು ದೊಡ್ಡೋಳಾದೆ! ಮದುವೆ ಊಟ ಯಾವಾಗ?" ಎಂದರು. ಅವರು ತಮ್ಮ ಕಪ್ ಕೆಳಗಿಡುವವರೆಗೂ ಕಾದೆ. ಇವರ ಹತ್ತಿರ ಮೈಕ್ ಇದೆ, ಇವರು ಉತ್ತರ ಕೊಡಬಲ್ಲರು ಎಂದು ಖಚಿತಪಡಿಸಿಕೊಂಡು ಕೇಳಿದೆ. ಅಲ್ಲಿ ಉತ್ತರ ಸಿಗಲಿಲ್ಲ. ಆದ್ದರಿಂದ ಇಲ್ಲಿ ಮತ್ತೆ ಕೇಳುತ್ತಿದ್ದೇನೆ.

ಅಂಕಲ್, ಅವತ್ತು ಆ ಪ್ರಶ್ನೆ ಕೇಳಿದ್ದು ನಾನು. ಕೋಚ್ ಮೈಸೂರಿನವರಾಗಿದ್ದಿದ್ದರೆ, ನೀವು ಕರೆದು ಕೂರಿಸಿ ಬೈಯುತ್ತಿದ್ದುದು ಯಾರನ್ನು?